ಹೂಗ್ಲಿ ತೀರದ ಒಂದು ಸಭೆ

ವಾಚಕರಲ್ಲಿ ಕಲ್ಕತ್ತೆಗೆ ಹೋಗಿಬಂದವರು ಅನೇಕರಿರಬಹುದು. ಅಲ್ಲಿಗೆ ಹೋದವರು ಕಾಳೀಘಟ್ಟವನ್ನು ನೋಡುವರು. ದಕ್ಷಿಣೇಶ್ವರಕ್ಕೂ ಬೇಲೂರು ಮಠಕ್ಕೂ ಹೋಗಿ ಬರುವರು. ಆದರೆ ಹೌರಾ ನಿಲ್ದಾಣದಲ್ಲಿ ಉತ್ತರದ ಕಡೆಯ ಗಾಡಿಯನ್ನು ಹತ್ತಿ, ಅರ್ಧ ಗಂಟೆಯ ದಾರಿಯಲ್ಲಿರುವ ಶ್ರೀರಾಮಪುರದಲ್ಲಿ ಇಳಿಯುವ ಕನ್ನಡಿಗರು ವಿರಳ. ನಾವೂ ಎಷ್ಟೋ ಸಲ ಕಲ್ಕತ್ತೆಗೆ ಹೋಗಿದ್ದರೂ ಆ ಊರನ್ನು ನೋಡಿರಲಿಲ್ಲ. ೧೮೧೭ರಲ್ಲಿ ಅಲ್ಲಿ ಒಂದು ಕನ್ನಡ ವ್ಯಾಕರಣವು ಅಚ್ಚಾಯಿತೆಂಬ ಸಂಗತಿಯೊಂದು ಬಹುಕಾಲದಿಂದ ನಮ್ಮ ಮನಸ್ಸಿನಲ್ಲಿ ಕುಳಿತಿತ್ತು. ತುಂಗಭದ್ರೆಯ ಭಾಷೆಗೆ ಗಂಗೆಯ ದಡದಲ್ಲಿ ಅಚ್ಚಿನ ಮೊಳೆ ಎರೆದವರು ಯಾರು? ಯಾತಕ್ಕೆ ಎರೆದರು? ಈ ಪ್ರಶ್ನೆಯನ್ನು ಹಿಡಿದುಕೊಂಡು, ನಮ್ಮ ಮನೆಯವರನ್ನೂ ಕರೆದುಕೊಂಡು, ಒಂದು ದಿನ ಬೆಳಗಿನ ಗಾಡಿಯಲ್ಲಿ ಹೊರಟೆವು.

ನಿಲ್ದಾಣದಿಂದ ನದಿಯ ಕಡೆಗೆ ಇಳಿಯುತ್ತ ಹೋದಂತೆ ಪೇಟೆಯ ಗದ್ದಲವು ಕಡಿಮೆಯಾಗುತ್ತದೆ. ಇದು ವೈಷ್ಣವರಿಗೆ ಪ್ರಿಯವಾದ ಸ್ಥಳ. ಇಲ್ಲಿಯ ಮಾಹೇಶದ ಜಗನ್ನಾಥ ರಥಯಾತ್ರೆಯು ಬಂಗಾಳದಲ್ಲೆಲ್ಲ ಪ್ರಸಿದ್ಧವಾದುದು. ಇಂತಹ ಊರಿಗೆ ೧೭೫೫ರಲ್ಲಿ ಡೆನ್ಮಾರ್ಕಿನ ವರ್ತಕರು ಬಂದು ಕೋಠಿಯನ್ನು ಹಾಕಿ, ತಮ್ಮ ದೊರೆಯ ಹೆಸರಿನಿಂದ ಫ್ರೆಡರಿಕ್ ನಗರವೆಂದು ಕರೆದರು. ೧೮೪೫ರವರೆಗೆ ಈ ಊರು ಅವರದಾಗಿದ್ದಿತು. ಅನಂತರ ಇಂಗ್ಲಿಷರು ಅದನ್ನು ಕ್ರಯಕ್ಕೆ ಕೊಂಡರು. ಡೇನರು ಕಟ್ಟಿಸಿ ೧೮೦೬ರಲ್ಲಿ ಮುಗಿಸಿದ ಸಂತ ಓಲಾವನ ಇಗರ್ಜಿಯು ಜೀರ್ಣೋದ್ಧಾರಗೊಂಡು, ೨೦೧೬ರಲ್ಲಿ ಮತ್ತೆ ಬಾಗಿಲು ತೆರೆದು ಪೇಟೆಯ ನಡುವೆ ಬೆಳ್ಳಗೆ ನಿಂತಿದೆ. ಆದರೆ ನಾವು ಹೇಳಹೊರಟದ್ದು ಆ ಇಗರ್ಜಿಯ ಕಥೆಯನ್ನಲ್ಲ. ಅದು ಅರಸನ ಮತದ ಇಗರ್ಜಿ. ಅರಸನ ಮತವೆಂಬ ಮಾತನ್ನೇ ಒಪ್ಪದ ಜನರು ಇದೇ ಊರಿನಲ್ಲಿ, ಅದೇ ಕಾಲದಲ್ಲಿ, ನದಿಯ ದಡದ ಒಂದು ಮನೆಯ ನಡುಮನೆಯಲ್ಲಿ ಕೂಡಿಸಿದ ಬ್ಯಾಪ್ಟಿಸ್ಟ್ ಸಭೆಯ ಕಥೆಯಿದು.

ಈ ಬ್ಯಾಪ್ಟಿಸ್ಟರೆಂದರೆ ಯಾರು? ಕ್ರೈಸ್ತರಲ್ಲಿ ಬಹು ಪಂಗಡಗಳು ಶಿಶು ಹುಟ್ಟಿದ ಕೆಲವು ದಿನಗಳಲ್ಲಿಯೇ ಅದರ ತಲೆಗೆ ನೀರು ಹನಿಸಿ ದೀಕ್ಷಾಸ್ನಾನವನ್ನು ಕೊಡುತ್ತವೆ. ಕೂಸಿಗೆ ಅದರ ಅರಿವಿಲ್ಲ. ತಂದೆತಾಯಿಗಳೇ ಅದರ ಪರವಾಗಿ ಉತ್ತರ ಹೇಳುವರು. ಬ್ಯಾಪ್ಟಿಸ್ಟರು ಇದನ್ನು ಒಪ್ಪುವುದಿಲ್ಲ. ನಂಬಿಕೆಯೆಂಬುದು ಆಸ್ತಿಯಂತೆ ತಂದೆಯಿಂದ ಮಗನಿಗೆ ಇಳಿದುಬರುವ ವಸ್ತುವಲ್ಲ. ಬುದ್ಧಿ ಬಲಿತ ಮನುಷ್ಯನು ತಾನಾಗಿ ಪಶ್ಚಾತ್ತಾಪಪಟ್ಟು, ತನ್ನ ಬಾಯಿಂದಲೇ ನಂಬಿದೆನೆಂದು ಹೇಳಿದ ಮೇಲೆ, ಅವನನ್ನು ನೀರಿನಲ್ಲಿ ಪೂರ್ಣವಾಗಿ ಮುಳುಗಿಸಿ ಎತ್ತಬೇಕೆಂಬುದು ಅವರ ಮತ. ಮುಳುಗುವುದು ಹಳೆಯ ಬಾಳಿಗೆ ಸತ್ತುದರ ಗುರುತು. ಏಳುವುದು ಹೊಸ ಬಾಳಿಗೆ ಹುಟ್ಟಿದುದರ ಗುರುತು. ನೀರಿನಲ್ಲಿ ಸ್ವತಃ ಯಾವ ಮಹಿಮೆಯೂ ಇಲ್ಲವೆನ್ನುವರು. ಇದೂ, ರೊಟ್ಟಿ ಮುರಿದು ದ್ರಾಕ್ಷಾರಸ ಕುಡಿಯುವ ಕರ್ತನ ಭೋಜನವೂ, ಇವೆರಡೇ ಅವರಲ್ಲಿ ಇರುವ ವಿಧಿಗಳು.

ಮತ್ತೊಂದು ವಿಶೇಷವೆಂದರೆ, ಅವರಲ್ಲಿ ಸಭೆಯ ಮೇಲೆ ಅಧಿಕಾರ ನಡೆಸುವ ಬಿಷಪ್ಪರಿಲ್ಲ. ಒಂದೂರಿನಲ್ಲಿ ನಂಬಿದವರೆಲ್ಲ ಕೂಡಿದರೆ ಅದೇ ಪೂರ್ಣವಾದ ಸಭೆ; ತನ್ನ ಪಾಲಕನನ್ನೂ ಸಭಾಸೇವಕರನ್ನೂ ಅದೇ ಆರಿಸಿಕೊಳ್ಳತಕ್ಕದ್ದು. ಗ್ರಂಥವೊಂದೇ ಪ್ರಮಾಣ, ಮನಸ್ಸಾಕ್ಷಿಯ ಮೇಲೆ ದೊರೆಯ ದಂಡ ನಡೆಯದು. ೧೬೦೯ರಲ್ಲಿ ಇಂಗ್ಲೆಂಡಿನಿಂದ ತಪ್ಪಿಸಿಕೊಂಡು ಹೋದ ಜಾನ್ ಸ್ಮಿತ್ ಎಂಬವನು ಹಾಲೆಂಡಿನ ಆಮ್‌ಸ್ಟರ್‌ಡಾಮಿನಲ್ಲಿ ಇಂತಹ ಮೊದಲ ಸಭೆಯನ್ನು ಕೂಡಿಸಿದನು. ಅವನ ಜತೆಗಾರನಾದ ಥಾಮಸ್ ಹೆಲ್ವಿಸನು ೧೬೧೨ರ ಸುಮಾರಿಗೆ ಧೈರ್ಯಮಾಡಿ ಲಂಡನಿಗೆ ಹಿಂತಿರುಗಿ ಅಲ್ಲಿ ಸಭೆ ಸ್ಥಾಪಿಸಿದನು. ದೊರೆಗೆ ಪ್ರಜೆಗಳ ದೇಹದ ಮೇಲೆ ಅಧಿಕಾರವುಂಟು, ಆತ್ಮದ ಮೇಲೆ ಇಲ್ಲ. ಯಹೂದ್ಯನಿರಲಿ, ತುರುಕನಿರಲಿ, ಮತದ ವಿಷಯದಲ್ಲಿ ಯಾರನ್ನೂ ಶಿಕ್ಷಿಸಕೂಡದು ಎಂದು ಅವನು ಪುಸ್ತಕ ಬರೆದನು. ಅದರ ಫಲವಾಗಿ ನ್ಯೂಗೇಟ್ ಸೆರೆಮನೆಯನ್ನು ಕಂಡನು. ಸೆರೆಮನೆಯ ವಾಸನೆಯಿಂದಲೇ ಆ ಪಂಗಡವು ಆರಂಭವಾಯಿತೆಂದರೆ ತಪ್ಪಲ್ಲ.

ಇದಾಗಿ ನೂರೆಂಬತ್ತು ವರ್ಷಗಳ ಮೇಲೆ, ನಾರ್ಥಾಂಪ್ಟನ್ ಸೀಮೆಯಲ್ಲಿ ವಿಲಿಯಂ ಕೇರಿ ಎಂಬ ಜೋಡು ಹೊಲೆಯುವವನೊಬ್ಬನಿದ್ದನು. ೧೭೬೧ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದವನು. ಜೋಡು ಹೊಲೆಯುತ್ತ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಹಲವು ಭಾಷೆಗಳನ್ನು ತಾನೇ ಕಲಿತುಕೊಂಡನು. ೧೭೮೩ರಲ್ಲಿ ನೆನ್ ನದಿಯಲ್ಲಿ ಮುಳುಗಿ ದೀಕ್ಷೆ ಪಡೆದು, ಮುಂದೆ ಬ್ಯಾಪ್ಟಿಸ್ಟ್ ಸಭೆಗೆ ಪಾಲಕನಾದನು. ದೂರದೇಶದವರಿಗೂ ಸುವಾರ್ತೆ ತಿಳಿಸುವುದು ನಮ್ಮ ಕರ್ತವ್ಯವೆಂದು ಅವನು ವಾದಿಸಿದಾಗ, ದೇವರಿಗೆ ಬೇಕಾದರೆ ದೇವರೇ ಮಾಡಿಕೊಳ್ಳುವನೆನ್ನುವವರೂ ಅವನ ಪಂಗಡದಲ್ಲಿದ್ದರು. ಆದರೂ ೧೭೯೨ನೆಯ ಅಕ್ಟೋಬರ್ ೨ರಂದು ಕೆಟರಿಂಗ್ ಎಂಬ ಚಿಕ್ಕ ಊರಿನಲ್ಲಿ ಒಬ್ಬ ವಿಧವೆಯ ಮನೆಯ ಕೋಣೆಯಲ್ಲಿ ಕೆಲವರು ಸೇರಿ ಒಂದು ಸಂಘವನ್ನು ಮಾಡಿಕೊಂಡರು. ಅಲ್ಲಿ ಬರೆದುಕೊಟ್ಟ ಚಂದಾದ ಮೊತ್ತ ೧೩ ಪೌಂಡು, ೨ ಷಿಲಿಂಗು, ೬ ಪೆನ್ನಿ.

ಇಲ್ಲಿಯವರೆಗಿನ ಕಥೆಯನ್ನು ನಾವು ಕಾಲೇಜಿನ ಮುಂದೆ, ನದಿಯ ಕಡೆಗೆ ಮುಖಮಾಡಿ ನಿಂತ ಎತ್ತರವಾದ ಕಂಬಗಳ ನೆರಳಿನಲ್ಲಿ ಕುಳಿತು ನಮ್ಮ ಮನೆಯವರಿಗೆ ಹೇಳುತ್ತಿದ್ದೆವು. ಅವರು ಎಲ್ಲವನ್ನೂ ಕೇಳಿ, "ಹೆಂಡತಿ ಏನೆಂದರು?" ಎಂದು ಕೇಳಿದರು.

ಪುಸ್ತಕಗಳನ್ನು ಓದಿಕೊಂಡು ಹೋದ ನಮಗೆ ಈ ಪ್ರಶ್ನೆ ಮೊದಲು ಹೊಳೆದಿರಲಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಉತ್ತರವೇನೋ ದೊರೆಯುತ್ತದೆ. ಕೇರಿಯ ಪತ್ನಿ ಡೊರೊಥಿಯು ಹಳ್ಳಿಯ ಹೆಂಗಸು. ಇಂಡಿಯಾಕ್ಕೆ ಬರುವುದಿಲ್ಲವೆಂದು ಆಕೆ ಮೊದಲೇ ಹೇಳಿಬಿಟ್ಟಿದ್ದಳು. ಕೇರಿಯು ಹಿರಿಯ ಮಗ ಫೆಲಿಕ್ಸನನ್ನು ಮಾತ್ರ ಕರೆದುಕೊಂಡು ಹಡಗು ಹತ್ತಿದನು. ಕಂಪೆನಿಯ ಅಪ್ಪಣೆಯಿಲ್ಲದ ಕಾರಣ ಆ ಹಡಗಿನಿಂದ ಅವರನ್ನು ಇಳಿಸಿಬಿಟ್ಟರು. ಡೇನರ ಹಡಗೊಂದು ಸಿಕ್ಕುವ ಹೊತ್ತಿಗೆ ಆಕೆ ಮತ್ತೊಂದು ಮಗುವನ್ನು ಹೆತ್ತು ಎದೆಗೆ ಹಾಕಿಕೊಂಡಿದ್ದಳು. ಕೇರಿ ಮತ್ತೆ ಕೇಳಿದನು. ಆಕೆ ಮತ್ತೆ ಒಲ್ಲೆನೆಂದಳು. ಆಗ ಜತೆಗಾರನಾದ ಥಾಮಸ್ ವೈದ್ಯನು ಹಿಂದಿರುಗಿ ಹೋಗಿ, ಈಗ ಬಾರದಿದ್ದರೆ ಸಂಸಾರವು ಒಡೆದುಹೋಗುವುದು, ಬದುಕಿರುವವರೆಗೂ ಪಶ್ಚಾತ್ತಾಪಪಡುವಿರಿ ಎಂದು ಹೆದರಿಸಿದನು. ತನ್ನ ತಂಗಿಯೂ ಜತೆಗೆ ಬರುವುದಾದರೆ ಬರುವೆನೆಂದು ಆಕೆ ಒಪ್ಪಿದಳು. ಗಂಟುಮೂಟೆ ಕಟ್ಟಲು ಒಂದು ದಿನವೂ ಸಿಕ್ಕಲಿಲ್ಲ. ೧೭೯೩ನೆಯ ನವೆಂಬರಿನಲ್ಲಿ ಅವರೆಲ್ಲ ಬಂಗಾಳವನ್ನು ಮುಟ್ಟಿದರು. ಮರುವರ್ಷವೇ ಐದು ವರ್ಷದ ಮಗ ಪೀಟರನು ಜ್ವರಭೇದಿಗಳಿಂದ ತೀರಿಕೊಂಡನು. ಆ ತಾಯಿಯ ಚಿತ್ತವು ಕೆಟ್ಟಿತು. ಮತ್ತೆ ಸರಿಹೋಗಲೇ ಇಲ್ಲ.

ಮಾಲ್ದಾ ಸೀಮೆಯ ಮದನಾವತಿಯಲ್ಲಿ ಕೇರಿಯು ನೀಲಿಯ ಕಾರಖಾನೆಯನ್ನು ನೋಡಿಕೊಳ್ಳುತ್ತ, ಬಂಗಾಳಿಯನ್ನೂ ಸಂಸ್ಕೃತವನ್ನೂ ಕಲಿಯುತ್ತ ಆರು ವರ್ಷಗಳಿಗೆ ಸಮೀಪ ಕಳೆದನು. ಒಬ್ಬ ಬಂಗಾಳಿಯೂ ಅವನ ಮತಕ್ಕೆ ಸೇರಲಿಲ್ಲ. ೧೭೯೯ರಲ್ಲಿ ಶಾಲೆಯ ಉಪಾಧ್ಯಾಯನಾದ ಜೋಷುವಾ ಮಾರ್ಷ್‌ಮನ್, ಅಚ್ಚಿನ ಕೆಲಸವನ್ನು ಬಲ್ಲ ವಿಲಿಯಂ ವಾರ್ಡ್ ಮೊದಲಾದವರು ಬಂದರು. ಕಂಪೆನಿಯವರು ತಮ್ಮ ಸೀಮೆಯಲ್ಲಿ ಅವರಿಗೆ ಎಡೆಗೊಡುವಂತಿರಲಿಲ್ಲ. ಶ್ರೀರಾಮಪುರದ ಡೇನರ ಗವರ್ನರನಾದ ಓಲೆ ಬೀ ಎಂಬ ಮುದುಕನು ಅವರಿಗೆ ಆಶ್ರಯ ಕೊಟ್ಟನು. ೧೮೦೦ನೆಯ ಜನವರಿ ೧೦ರಂದು ಕೇರಿಯೂ ಬಂದು ಸೇರಿಕೊಂಡನು. ನದಿಯ ದಡದಲ್ಲಿ ಒಂದು ದೊಡ್ಡ ಮನೆಯನ್ನು ಕೊಂಡು, ಅದರ ನಡುಮನೆಯನ್ನು ಪ್ರಾರ್ಥನೆಗೆ ಬಿಟ್ಟರು. ಏಪ್ರಿಲ್ ತಿಂಗಳಲ್ಲಿ ಅಲ್ಲಿ ಕೂಡಿದವರು ತಾವೇ ಒಂದು ಸಭೆಯೆಂದು ನಿಶ್ಚಯಿಸಿ ಕೇರಿಯನ್ನು ಪಾಲಕನನ್ನಾಗಿ ಆರಿಸಿದರು. ಶ್ರೀರಾಮಪುರದ ಸಭೆಯ ಹುಟ್ಟು ಇದು. ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಹಣದ ಪೆಟ್ಟಿಗೆ. ಸಂಪಾದಿಸಿದ್ದೆಲ್ಲ ಸಭೆಯ ಕೆಲಸಕ್ಕೆ. ಮುಂದೆ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕೇರಿಗೆ ದೊಡ್ಡ ಸಂಬಳ ಬಂದಾಗಲೂ ಅದು ಆ ಪೆಟ್ಟಿಗೆಗೇ ಬಿದ್ದಿತು.

ಅದೇ ವರ್ಷದ ಕೊನೆಯಲ್ಲಿ ಕೃಷ್ಣಪಾಲನೆಂಬ ಬಡಗಿಯು ಜಾರಿ ಬಿದ್ದು ಭುಜವನ್ನು ಉಳುಕಿಸಿಕೊಂಡನು. ಥಾಮಸ್ ವೈದ್ಯನು ಹೋಗಿ ಅದನ್ನು ಕೂರಿಸಿ, ಜತೆಗೆ ತನ್ನ ಮತದ ಮಾತುಗಳನ್ನೂ ಹೇಳಿದನು. ಕೃಷ್ಣಪಾಲನು ಮತ್ತೆ ಮತ್ತೆ ಬಂದು ಕೇಳಿದನು. ಅವನ ಹೆಂಡತಿ ರಸಮಯಿ, ನಾದಿನಿ ಜಯಮಣಿ, ಸ್ನೇಹಿತ ಗೋಕುಲ ಇವರೂ ಕೇಳಿದರು. ಡಿಸೆಂಬರ್ ೨೨ರಂದು ಕೃಷ್ಣಪಾಲನೂ ಗೋಕುಲನೂ ಮಿಷನರಿಗಳ ಪಂಕ್ತಿಯಲ್ಲಿ ಕುಳಿತು ಬಹಿರಂಗವಾಗಿ ಊಟಮಾಡಿದರು. ಜಾತಿ ಕಳೆದುಕೊಳ್ಳುವುದೆಂದರೆ ಆಗ ಏನೆಂಬುದು ನಮ್ಮ ವಾಚಕರಿಗೆ ಹೇಳಬೇಕಾದ ವಿಷಯವಲ್ಲ. ದೊಡ್ಡ ಗುಂಪು ಸೇರಿ, ಕೃಷ್ಣಪಾಲನ ಸಂಸಾರವನ್ನು ಎಳೆದುಕೊಂಡು ಡೇನರ ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸಿತು. ತಮಗೆ ಸರಿತೋರಿದುದನ್ನು ಮಾಡಿದವರಲ್ಲಿ ಅಪರಾಧವೇನೆಂದು ಅವನು ಅವರನ್ನು ಬಿಟ್ಟುಬಿಟ್ಟನು.

ಡಿಸೆಂಬರ್ ೨೮, ಭಾನುವಾರ. ಮಿಷನ್ ಮನೆಯೆದುರಿನ ಸೋಪಾನಕ್ಕೆ ಗವರ್ನರನೂ ಯೂರೋಪಿಯನರೂ ಹಿಂದೂಗಳೂ ಮುಸಲ್ಮಾನರೂ ಬಂದು ಕೂಡಿದರು. ಕೇರಿಯು ಒಂದು ಕಡೆ ತನ್ನ ಮಗ ಫೆಲಿಕ್ಸನನ್ನೂ ಇನ್ನೊಂದು ಕಡೆ ಕೃಷ್ಣಪಾಲನನ್ನೂ ಕರೆದುಕೊಂಡು ಮೆಟ್ಟಿಲಿಳಿದನು. ಗಂಗೆಯಲ್ಲಿ ಮುಳುಗಿದರೆ ಪಾಪ ಹೋಗುವುದೆಂದು ನಂಬಿದ ಜನರೆದುರಿಗೆ, ಈ ನದಿಯನ್ನು ನಾವು ಪವಿತ್ರವೆಂದು ಎಣಿಸಿ ಇಳಿಯುತ್ತಿಲ್ಲ, ಇದು ಬರಿಯ ನೀರು ಎಂದು ಬಂಗಾಳಿಯಲ್ಲಿ ವಿವರಿಸಿದನು. ಬಿಳಿಯ ಪಾಲಕನ ಮಗನಿಗೂ ಬಂಗಾಳದ ಬಡಗಿಗೂ ಒಂದೇ ಹೊತ್ತು, ಒಂದೇ ನೀರು, ಒಂದೇ ಮಾತು. ಮುದುಕನಾದ ಗವರ್ನರನು ಕಣ್ಣೀರು ಸುರಿಸಿದನಂತೆ. ಆ ದಿನ ಗೋಕುಲನೂ ಹೆಂಗಸರೂ ಹಿಂಜರಿದರು. ಅವರನ್ನು ಯಾರೂ ಬಲವಂತಪಡಿಸಲಿಲ್ಲ. ಕೆಲವು ದಿನಗಳಲ್ಲಿ ಜಯಮಣಿಯೂ ಅನಂತರ ಉಳಿದವರೂ ತಾವಾಗಿಯೇ ಮುಂದೆ ಬಂದರು.

ಆದರೆ ಅದೇ ಹೊತ್ತಿನಲ್ಲಿ ಆ ಮನೆಯೊಳಗೆ ಇನ್ನಿಬ್ಬರಿದ್ದರು. ಹದಿನೇಳು ವರ್ಷ ಕಾದ ಥಾಮಸ್ ವೈದ್ಯನಿಗೆ ಸಂತೋಷವನ್ನು ತಾಳಲಾರದೆ ಬುದ್ಧಿಭ್ರಮಣೆಯಾಗಿತ್ತು. ಫೆಲಿಕ್ಸನ ತಾಯಿ ಡೊರೊಥಿಯು ಕೋಣೆಯಲ್ಲಿ ಕೂಗುತ್ತಿದ್ದಳು. ಹೊರಗೆ ನದಿಯಲ್ಲಿ ಮಗನ ದೀಕ್ಷೆ. ಒಳಗೆ ತಾಯಿಯ ಕೂಗು. ಇದನ್ನು ವಾರ್ಡನು ತನ್ನ ದಿನಚರಿಯಲ್ಲಿ ಮರೆಮಾಚದೆ ಬರೆದಿಟ್ಟಿದ್ದಾನೆ.

ಆ ಸಭೆಯವರು ನಂಬಿದುದನ್ನು ಬಾಳಿನಲ್ಲಿ ನಡೆಸಿದರೆಂಬುದಕ್ಕೆ ನಿದರ್ಶನಗಳುಂಟು. ದೀಕ್ಷೆ ಹೊಂದಿದವರ ಹೆಸರನ್ನು ಅವರು ಬದಲಾಯಿಸಲಿಲ್ಲ. ಕೃಷ್ಣನು ಕೃಷ್ಣನಾಗಿಯೇ ಉಳಿದನು. ೧೮೦೩ರಲ್ಲಿ ಬ್ರಾಹ್ಮಣನಾದ ಕೃಷ್ಣಪ್ರಸಾದನಿಗೂ ಬಡಗಿ ಕೃಷ್ಣಪಾಲನ ಮಗಳಿಗೂ ಮದುವೆಯಾಯಿತು. ಅದೇ ವರ್ಷ ಗೋಕುಲನು ತೀರಿಕೊಂಡಾಗ, ಹೆಣವನ್ನು ಹೊರುವವರು ಯಾರೆಂಬ ಪ್ರಶ್ನೆ ಬಂದಿತು. ಮಾರ್ಷ್‌ಮನ್, ಫೆಲಿಕ್ಸ್, ಬ್ರಾಹ್ಮಣನಾಗಿದ್ದ ಭೈರವ, ಮುಸಲ್ಮಾನನಾಗಿದ್ದ ಪೀರು, ಈ ನಾಲ್ವರು ಹೆಗಲು ಕೊಟ್ಟು ಬೀದಿಯಲ್ಲಿ ನಡೆದರು. ೧೮೦೫ರಲ್ಲಿ ಅವರು ತಮ್ಮ ನಡತೆಗೆ ಒಂದು ನಿಬಂಧನೆಯನ್ನು ಬರೆದುಕೊಂಡರು: ಈ ದೇಶದವರನ್ನು ಸಮಾನರಂತೆ ಕಾಣಬೇಕು, ಅವರ ಮನಸ್ಸನ್ನು ನೋಯಿಸುವ ಮಾತನ್ನು ಆದಷ್ಟು ಬಿಡಬೇಕು, ಸಭೆಗಳನ್ನು ಈ ದೇಶದವರೇ ನಡೆಸುವಂತಾಗಬೇಕು. ಈ ನಿಬಂಧನೆಗೆ ಅವರು ಯಾವಾಗಲೂ ಸರಿಯಾಗಿ ನಡೆದುಕೊಂಡರೆಂದು ಹೇಳಲಾರೆವು. ೧೮೦೭ರಲ್ಲಿ ಅವರ ಮುದ್ರಣಾಲಯದಿಂದ ಹೊರಟ ಪಾರಸಿ ಪುಸ್ತಿಕೆಯೊಂದು ಮುಸಲ್ಮಾನರ ಮನಸ್ಸನ್ನು ನೋಯಿಸಿ ಸರಕಾರದ ಕೋಪಕ್ಕೆ ಕಾರಣವಾಯಿತು. ರಾಜಾ ರಾಮಮೋಹನ ರಾಯರು ೧೮೨೦ರಲ್ಲಿ ಯೇಸುವಿನ ನೀತಿವಚನಗಳನ್ನು ಮಾತ್ರ ಆರಿಸಿ ಪ್ರಕಟಿಸಿದಾಗ ಮಾರ್ಷ್‌ಮನ್ನನು ಅವರೊಡನೆ ಕಠಿನವಾಗಿ ವಾದಿಸಿದನು. ವಾದದ ನಡುವೆ ವಿಲಿಯಂ ಆಡಮ್ ಎಂಬ ಬ್ಯಾಪ್ಟಿಸ್ಟ್ ಮಿಷನರಿಯೇ ರಾಯರ ಪಕ್ಷಕ್ಕೆ ಒಲಿದುಬಿಟ್ಟನು! ಮನಸ್ಸಾಕ್ಷಿಗೆ ಸ್ವಾತಂತ್ರ್ಯ ಕೊಟ್ಟವರು ಅದು ಎದುರುಬೀಳುವುದನ್ನೂ ಸಹಿಸಬೇಕಾಗುತ್ತದೆ.

ಗ್ರಂಥವೇ ಪ್ರಮಾಣವೆಂದ ಮೇಲೆ, ಪ್ರತಿಯೊಬ್ಬನೂ ತಾನೇ ಓದಿ ತಿಳಿಯಬೇಕೆಂದ ಮೇಲೆ, ಅದು ಅವರವರ ಭಾಷೆಯಲ್ಲಿರಬೇಕಷ್ಟೆ. ಶ್ರೀರಾಮಪುರದ ಮುದ್ರಣಾಲಯದ ಮೂಲವು ಇಲ್ಲಿದೆ. ನಮ್ಮ ಕನ್ನಡ ವ್ಯಾಕರಣದ ಮೂಲವೂ ಇಲ್ಲಿಯೇ. ಪಂಚಾನನ ಕರ್ಮಕಾರನೆಂಬ ಕುಶಲಿಯಾದ ಕಮ್ಮಾರನೂ ಅವನ ಅಳಿಯ ಮನೋಹರನೂ ಅಕ್ಷರಗಳ ಮೊಳೆಗಳನ್ನು ಕೊರೆದರು. ೧೮೦೧ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯು ಹೊರಬಿದ್ದಿತು. ೧೮೧೮ರಲ್ಲಿ 'ಸಮಾಚಾರ ದರ್ಪಣ'ವೆಂಬ ಬಂಗಾಳಿ ವಾರಪತ್ರಿಕೆಯೂ ಹೊರಟಿತು. ನಡುವೆ ೧೮೧೨ನೆಯ ಮಾರ್ಚ್ ೧೧ರ ರಾತ್ರಿ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಕಾಗದವೂ ಮೊಳೆಗಳೂ ಹಸ್ತಪ್ರತಿಗಳೂ ಉರಿದುಹೋದುವು. ಹಾಗೆ ಬೂದಿಯಾದವುಗಳಲ್ಲಿ ಕೇರಿಯು ಬರೆದ ಕನ್ನಡ ಹೊಸ ಒಡಂಬಡಿಕೆಯ ಪ್ರತಿಯೂ ಒಂದು. ಅಕ್ಷರಗಳ ಅಚ್ಚುಗಳು ಮಾತ್ರ ಉಳಿದಿದ್ದುವು. ಕೆಲವೇ ವಾರಗಳಲ್ಲಿ ಮತ್ತೆ ಮೊಳೆ ಎರೆಯತೊಡಗಿದರು. ಐದು ವರ್ಷಗಳ ಮೇಲೆ, ಕನ್ನಡನಾಡಿಗೆ ಕಾಲಿಡದ ಆ ಮನುಷ್ಯನ ಕರ್ಣಾಟ ವ್ಯಾಕರಣವು ಇಂಗ್ಲಿಷಿನಲ್ಲಿ ಅಚ್ಚಾಗಿ ಹೊರಬಂದಿತು. ಇಂದಿಗೂ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಶ್ರೀರಾಮಪುರಕ್ಕೆ ಸೇರಿಕೊಂಡದ್ದು. ೧೮೧೮ರಲ್ಲಿ ಸ್ಥಾಪಿತವಾದ ಶ್ರೀರಾಮಪುರದ ಕಾಲೇಜಿಗೆ ಪದವಿ ಕೊಡುವ ಅಧಿಕಾರವನ್ನು ೧೮೨೭ರಲ್ಲಿ ಸನ್ನದು ಬರೆದು ಕೊಟ್ಟವನು ಡೆನ್ಮಾರ್ಕಿನ ದೊರೆ. ಹೀಗೆ ಗಂಗೆಗೂ ನಮಗೂ ಹಳೆಯ ಬಾಂಧವ್ಯವುಂಟು.

ಮಧ್ಯಾಹ್ನ ಇಳಿದ ಮೇಲೆ ಸ್ಮಶಾನಕ್ಕೆ ಹೋದೆವು. ೧೮೨೩ರಲ್ಲಿ ತೀರಿಕೊಂಡ ವಾರ್ಡ್, ೧೮೩೪ರಲ್ಲಿ ತೀರಿಕೊಂಡ ಕೇರಿ, ೧೮೩೭ರಲ್ಲಿ ತೀರಿಕೊಂಡ ಮಾರ್ಷ್‌ಮನ್ ಮೂವರೂ ಇದೇ ಮಣ್ಣಿನಲ್ಲಿದ್ದಾರೆ. ತನ್ನ ಗೋರಿಯ ಮೇಲೆ ಹೊಗಳಿಕೆಯ ಮಾತನ್ನು ಬರೆಯಕೂಡದೆಂದು ಕೇರಿಯು ಕಟ್ಟುಮಾಡಿದ್ದನು. ೧೮೦೭ರ ಡಿಸೆಂಬರಿನಲ್ಲಿ, ಹನ್ನೆರಡು ವರ್ಷಗಳಿಗೂ ಮೀರಿದ ಚಿತ್ತವಿಕಾರದಿಂದ ಬಿಡುಗಡೆಯಾದ ಡೊರೊಥಿಯೂ ಈ ಊರಿನಲ್ಲಿಯೇ ಕಣ್ಣುಮುಚ್ಚಿದಳು.

ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ತಾನಾಗಿ ಒಪ್ಪಿದ ಹೊರತು ಯಾರನ್ನೂ ನೀರಿಗೆ ಇಳಿಸುವುದಿಲ್ಲವೆಂದಿರಿ. ಈಕೆಯನ್ನು ಸಮುದ್ರಕ್ಕೇ ಇಳಿಸಿದರಲ್ಲ!" ಎಂದರು.

ಆಗ ನಮಗೆ ಇನ್ನೊಂದು ಸಂಗತಿ ನೆನಪಿಗೆ ಬಂದಿತು. ೧೭೯೯ರಲ್ಲಿ ಕೇರಿಯು ನದಿಯ ದಡದಲ್ಲಿ ಒಬ್ಬ ವಿಧವೆಯ ಸಹಗಮನವನ್ನು ಕಂಡನು. ಇದು ಆಕೆಯ ಸ್ವಂತ ಇಚ್ಛೆಯೇ ಎಂದು ಕೇಳಿದನು. ಪೂರ್ಣ ಇಚ್ಛೆಯೇ ಎಂದು ಸುತ್ತಲಿನವರು ಹೇಳಿದರು. ಚಿತೆಗೆ ಬೆಂಕಿಯಿಡುವಾಗ ಅವರೇ ಬಿದಿರಿನ ಗಳುಗಳಿಂದ ಆಕೆಯನ್ನು ಅದುಮಿ ಹಿಡಿದರು. ಕೇರಿ ಕೂಗಾಡಿದನು, ಫಲವಾಗಲಿಲ್ಲ. ಮೂವತ್ತು ವರ್ಷಗಳ ಮೇಲೆ, ೧೮೨೯ನೆಯ ಡಿಸೆಂಬರಿನಲ್ಲಿ ಸಹಗಮನವನ್ನು ನಿಷೇಧಿಸುವ ಕಾನೂನು ಬಂಗಾಳಿಗೆ ಅನುವಾದವಾಗಲೆಂದು ಅವನ ಕೈಗೆ ಬಂದಾಗ, ಅಂದು ಭಾನುವಾರವಾಗಿದ್ದಿತು. ಒಂದು ಗಳಿಗೆ ತಡವಾದರೂ ಒಂದು ಜೀವ ಹೋದೀತೆಂದು, ಉಪದೇಶವನ್ನು ಬೇರೆಯವರಿಗೆ ಒಪ್ಪಿಸಿ, ಪಂಡಿತನೊಡನೆ ಕುಳಿತು ಸಂಜೆಯೊಳಗೆ ಅನುವಾದವನ್ನು ಮುಗಿಸಿದನು. ಹೆಣ್ಣಿನ ಒಪ್ಪಿಗೆಯೆಂದು ಲೋಕವು ಕರೆಯುವುದರಲ್ಲಿ ಎಷ್ಟು ಬಿದಿರಿನ ಗಳುಗಳು ಅಡಗಿರುತ್ತವೆಂಬುದನ್ನು ಅವನು ಪರರ ಮನೆಯಲ್ಲಿ ಕಂಡನು. ತನ್ನ ಮನೆಯಲ್ಲಿಯೂ ಕಂಡನೋ ಇಲ್ಲವೋ, ದೇವರೇ ಬಲ್ಲನು.

ಇದನ್ನು ಹೇಳಿದಾಗ ನಮ್ಮ ಮನೆಯವರು, "ಕಂಡಿರಬೇಕು. ಇಲ್ಲದಿದ್ದರೆ ಅಷ್ಟು ಅವಸರವೇಕೆ?" ಎಂದರು. ಈ ಮಾತಿಗೆ ಚರಿತ್ರೆಯಲ್ಲಿ ಆಧಾರವಿಲ್ಲ. ಆದರೂ ಅಲ್ಲಗಳೆಯಲು ನಮಗೆ ಮನಸ್ಸು ಬರಲಿಲ್ಲ.

ಹಿಂತಿರುಗುವಾಗ ಗಾಡಿಯ ದಾರಿಯನ್ನು ಬಿಟ್ಟು, ದೋಣಿಯಲ್ಲಿ ಆಚೆಯ ದಡದ ಬ್ಯಾರಕ್‌ಪುರಕ್ಕೆ ಹೊರಟೆವು. ಸಂಜೆಯ ಬಿಸಿಲಿನಲ್ಲಿ ಶ್ರೀರಾಮಪುರದ ಮೆಟ್ಟಿಲುಗಳಲ್ಲಿ ಜನರು ಎಂದಿನಂತೆ ಮುಳುಗಿ ಏಳುತ್ತಿದ್ದರು. ನಮ್ಮ ಮನೆಯವರು ಬಗ್ಗಿ ಒಂದು ಬೊಗಸೆ ನೀರನ್ನೆತ್ತಿ ಕಣ್ಣಿಗೊತ್ತಿಕೊಂಡರು. ಕೇರಿಯು ಅದನ್ನು ಬರಿಯ ನೀರೆಂದನು, ನಾವು ಗಂಗೆಯೆನ್ನುತ್ತೇವೆ. ಅವರವರ ನಂಬಿಕೆ ಅವರವರದು. ಆದರೆ ಯಾರನ್ನಾದರೂ ಯಾವ ನೀರಿಗಾದರೂ ಕೈಹಿಡಿದು ಇಳಿಸುವ ಮುನ್ನ, ನಿನಗೆ ಮನಸ್ಸಿದೆಯೇ ಎಂದು ಕೇಳಬೇಕೆಂದೂ, ಕೇಳಿದ ಮೇಲೆ ಉತ್ತರವನ್ನು ಲಾಲಿಸಬೇಕೆಂದೂ ಆ ಸಭೆಯ ಕಥೆಯಿಂದ ನಾವು ಕಲಿತೆವು. ಮನೆ ಮುಟ್ಟಿದ ಮೇಲೆ ಮೊದಲು ಮಾಡಿದ ಕೆಲಸವೆಂದರೆ, ಮುಂದಿನ ಪ್ರವಾಸವು ಎಲ್ಲಿಗೆಂದು ಅವರನ್ನೇ ಕೇಳಿದುದು.